ಬಿಪಿಟಿ (ಫಿಸಿಯೋಥೆರಪಿ ಡಿಗ್ರಿ) ಆದ್ಮೇಲೆ ಅಮೆರಿಕಾದಲ್ಲಿ ಅಥ್ಲೆಟಿಕ್ ಟ್ರೇನಿಂಗ್ ಮಾಸ್ಟರ್ಸ್: ಸಾಲ ಮಾಡಿ ಓದಿದವಳ ರಿವ್ಯೂ, 5ಕ್ಕೆ ಮೂರೂವರೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಜಿಮ್ ಟ್ರೇನರ್ ಕೋರ್ಸಿನ ರಿವ್ಯೂ ಅಲ್ಲ. ಡಂಬೆಲ್ ಎತ್ತಿಸೋದು, ಡಯಟ್ ಚಾರ್ಟ್ ಬರೆಯೋದು, ಅದು ಪರ್ಸನಲ್ ಟ್ರೇನರ್ ಕೆಲಸ, ಅದಕ್ಕೆ ಬೇರೆ ಸರ್ಟಿಫಿಕೇಟ್‌ಗಳಿವೆ. ಅಮೆರಿಕಾದಲ್ಲಿ ಅಥ್ಲೆಟಿಕ್ ಟ್ರೇನರ್ ಅಂದ್ರೆ ಮೈದಾನದ ಅಂಚಲ್ಲಿ ಸೊಂಟಕ್ಕೊಂದು ಚೀಲ ಕಟ್ಕೊಂಡು ನಿಂತಿರ್ತಾರಲ್ಲ, ಯಾರಾದ್ರೂ ಬಿದ್ರೆ ಮೊದ್ಲು ಓಡೋರು, ಅವ್ರು. ಅಲ್ಲಿನ ಮೆಡಿಕಲ್ ಅಸೋಸಿಯೇಶನ್ ಇದನ್ನ 1990ರಲ್ಲೇ ಆರೋಗ್ಯ ಕ್ಷೇತ್ರದ ವೃತ್ತಿ ಅಂತ ಒಪ್ಕೊಂಡಿದೆ, ನಮ್ಮನೇಲಿ ಮಾತ್ರ ಇನ್ನೂ ಒಪ್ಪಿಲ್ಲ. ದೊಡ್ಡಮ್ಮ ಕೇಳಿದ್ದು, "ಕುಮಟಾದ ರಘು ಇದ್ದಾನಲ್ಲ, ಇಂಡಿಯಾ ಟೀಮಿಗೆ ಬಾಲ್ ಎಸೆದುಕೊಡೋನು, ಆ ತರದ ಕೆಲ್ಸಾನೇನೆ?" ಅಂತ. ಅಲ್ಲ ದೊಡ್ಡಮ್ಮ ಅಂದೆ. "ಮತ್ತೆ ಟ್ರೇನರ್ ಅಂತೀಯ?" ಅಂದ್ರು. ಅವ್ರ ತಪ್ಪಿಲ್ಲ ಬಿಡಿ, ಹೆಸರೇ ಹಂಗಿದೆ. ಅಮೆರಿಕಾದೋರೂ ಈ ಹೆಸರಿನ ಬಗ್ಗೆ ವರ್ಷಗಟ್ಟಲೆ ಜಗಳ ಆಡ್ತಾನೇ ಇದಾರೆ.

ನಾನು ಹಾಸನದ ಕಡೆಯವಳು, ಬಿಪಿಟಿ ಮಾಡಿದ್ದು ಮೈಸೂರಲ್ಲಿ, ರಾಜೀವ್ ಗಾಂಧಿ ಯೂನಿವರ್ಸಿಟಿ ಕೆಳಗೆ, ನಾಲ್ಕೂವರೆ ವರ್ಷ. ಆಮೇಲೆ ಒಂದೂವರೆ ವರ್ಷ ಒಂದು ಕ್ಲಿನಿಕ್ಕಲ್ಲಿ ಮಂಡಿನೋವಿನ ಅಜ್ಜಿಯರಿಗೆ ಐಎಫ್‌ಟಿ ಅನ್ನೋ ಕರೆಂಟಿನ ಮೆಷಿನ್ ಹಚ್ಚಿ ಇಪ್ಪತ್ತು ನಿಮಿಷ ಟೈಮರ್ ಇಟ್ಟು ಕೂರ್ತಿದ್ದೆ. 2022ರ ಬೇಸಿಗೆಗೆ ಅಮೆರಿಕಾದ ಮಿಡ್‌ವೆಸ್ಟಿನ ಒಂದು ಯೂನಿವರ್ಸಿಟಿಗೆ ಬಂದೆ, 2024ರ ಮೇ ತಿಂಗಳಲ್ಲಿ ಮುಗೀತು. ಯೂನಿವರ್ಸಿಟಿ ಹೆಸರು ಹೇಳಲ್ಲ, ಕೆಲವು ಕಡೆ ಬೈತೀನಿ ಅದಕ್ಕೆ. ಆದ್ರೆ ಇಲ್ಲಿ ಬರೆದಿರೋದ್ರಲ್ಲಿ ಮುಕ್ಕಾಲು ಪಾಲು ಯಾವ ಯೂನಿವರ್ಸಿಟಿಗೆ ಹೋದ್ರೂ ಒಂದೇ, ಯಾಕಂದ್ರೆ ಸಿಲಬಸ್ಸಿನ ಚೌಕಟ್ಟು ಕೊಡೋದು ಕೇಟ್ ಅನ್ನೋ ಒಂದು ಮಾನ್ಯತೆ ಸಂಸ್ಥೆ.

ಈ ಕೇಟ್ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಮ್ಮ ಕಡೆಯಿಂದ ಬರೋರು ಎಡವೋದೇ ಇಲ್ಲಿ. ಮುಂಚೆ ಅಥ್ಲೆಟಿಕ್ ಟ್ರೇನಿಂಗಲ್ಲಿ ಬ್ಯಾಚುಲರ್ ಡಿಗ್ರಿ ಸಾಕಿತ್ತು. ಅದಕ್ಕೂ ಮುಂಚೆ ಯಾರಾದ್ರೂ ಸೀನಿಯರ್ ಕೈಕೆಳಗೆ ಇಂತಿಷ್ಟು ಗಂಟೆ ದುಡಿದು ಪರೀಕ್ಷೆಗೆ ಕೂರೋ ದಾರಿನೂ ಇತ್ತು, ಅದನ್ನ 2004ಕ್ಕೆ ಮುಚ್ಚಿದ್ರು. 2015ರಲ್ಲಿ ಇನ್ಮೇಲೆ ಮಾಸ್ಟರ್ಸ್ ಬೇಕೇ ಬೇಕು ಅಂತ ತೀರ್ಮಾನ ಆಯ್ತು, ಬ್ಯಾಚುಲರ್ ಕೋರ್ಸುಗಳಿಗೆ ಹೊಸಬರನ್ನ ಸೇರಿಸ್ಕೊಳ್ಳೋದು 2022ಕ್ಕೆ ನಿಂತೇ ಹೋಯ್ತು. ಅಂದ್ರೆ ಈಗ ಇರೋದು ಒಂದೇ ಬಾಗಿಲು: ಕೇಟ್ ಮಾನ್ಯತೆ ಇರೋ ಕಡೆ ಮಾಸ್ಟರ್ಸ್, ಆಮೇಲೆ ಬೋರ್ಡ್ ಆಫ್ ಸರ್ಟಿಫಿಕೇಶನ್ ನಡೆಸೋ ಪರೀಕ್ಷೆ, ಅದಾದ್ಮೇಲೆ ಬಹುಪಾಲು ಕಡೆ ಕೆಲ್ಸ ಮಾಡೋ ರಾಜ್ಯದ ಲೈಸೆನ್ಸ್. ನಿಮ್ಮ ಹತ್ರ ಬಿಪಿಟಿ ಇರ್ಲಿ, ಎಂಪಿಟಿ ಸ್ಪೋರ್ಟ್ಸ್ ಇರ್ಲಿ, ರಣಜಿ ಟೀಮಿನ ಜೊತೆ ಹತ್ತು ವರ್ಷ ಇದ್ದ ಲೆಟರ್ರೇ ಇರ್ಲಿ, ಆ ಪರೀಕ್ಷೆ ಹಾಲಿನ ಒಳಗೆ ನೇರವಾಗಿ ಬಿಡಲ್ಲ. ಕೆನಡಾ, ಐರ್ಲೆಂಡ್, ಬ್ರಿಟನ್ ಈ ಮೂರು ದೇಶದ ಸಂಸ್ಥೆಗಳ ಜೊತೆ ಮಾತ್ರ ಒಪ್ಪಂದ ಇದೆ, ಅಲ್ಲಿ ಸರ್ಟಿಫೈ ಆದೋರು ಇಲ್ಲಿನ ಪರೀಕ್ಷೆಗೆ ಕೂರಬಹುದು. ಇಂಡಿಯಾ ಆ ಪಟ್ಟೀಲಿಲ್ಲ. ಹಾಗಾಗಿ ಟೊರಾಂಟೋದ ಯಾರ್ಕ್, ಮಾಂಟ್ರಿಯಲ್ಲಿನ ಕಾಂಕಾರ್ಡಿಯಾ ಅಥವಾ ಡಬ್ಲಿನ್ ಸಿಟಿ ಯೂನಿವರ್ಸಿಟಿ ಕಡೆ ಅಥ್ಲೆಟಿಕ್ ಥೆರಪಿ ಓದೋದೂ ಒಂದು ಸುತ್ತುಬಳಸಿನ ದಾರಿ. ಕೆನಡಾದಲ್ಲೇ ನಿಲ್ಲೋ ಮನಸ್ಸಿರೋರು ಅದನ್ನ ಮೊದ್ಲು ನೋಡಿ.

ನಾನು ಹೋಗಿದ್ದು ಬೆಂಗಳೂರಿನ ಒಂದು ಕನ್ಸಲ್ಟೆನ್ಸಿ ಮೂಲಕ. ಅದರದ್ದೇ ಬೇರೆ ರಿವ್ಯೂ ಬರೀಬೇಕು, ಈಗ ಚುಟುಕಾಗಿ ಹೇಳ್ತೀನಿ. ಟೈ ಕಟ್ಟಿದ ಹುಡುಗ ಒಬ್ಬ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿ "ಮೇಡಂ ಇದು ಸ್ಟೆಮ್ ಕೋರ್ಸ್, ಸೈನ್ಸ್-ಟೆಕ್ನಾಲಜಿ ಪಟ್ಟಿಯದ್ದು, ಓದಾದ್ಮೇಲೆ ಮೂರು ವರ್ಷ ಕೆಲ್ಸ ಮಾಡ್ಬಹುದು, ಲೋನ್ ಆರಾಮಾಗಿ ತೀರತ್ತೆ" ಅಂದ. ಅಪ್ಪ ಆ ಮಾತಿನ ಮೇಲೆ ಬ್ಯಾಂಕಿಗೆ ಹೋದ್ರು. ಅಥ್ಲೆಟಿಕ್ ಟ್ರೇನಿಂಗಿನ ಕೋರ್ಸ್ ಕೋಡ್ 51.0913, ಅದು ಸ್ಟೆಮ್ ಪಟ್ಟಿಯಲ್ಲಿಲ್ಲ, ಸಿಗೋದು ಹನ್ನೆರಡೇ ತಿಂಗಳ ಒಪಿಟಿ, ಅಂದ್ರೆ ಓದಾದ್ಮೇಲೆ ಕೆಲ್ಸ ಮಾಡೋಕೆ ಕೊಡೋ ಪರ್ಮಿಷನ್. ನನಗೆ ಗೊತ್ತಾಗಿದ್ದು ಇಲ್ಲಿ ಬಂದು ಓರಿಯೆಂಟೇಶನ್ನಲ್ಲಿ ಕೂತಾಗ, ಪಕ್ಕದಲ್ಲಿದ್ದ ಡೇಟಾ ಸೈನ್ಸ್ ಹುಡುಗ ಸುಮ್ನೆ ನನ್ನ ಐ-20 (ವೀಸಾಗೆ ಯೂನಿವರ್ಸಿಟಿ ಕೊಡೋ ಪತ್ರ) ನೋಡಿ "ಅಕ್ಕಾ ಇದು ಸ್ಟೆಮ್ ಅಲ್ವಲ್ಲ" ಅಂದಾಗ. ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಊಟ ಚೆನ್ನಾಗಿದೆ ಅಂದೆ, ಇದನ್ನ ಹೇಳಲಿಲ್ಲ. ಹೇಳಿದ್ದು ಆರು ತಿಂಗಳಾದ್ಮೇಲೆ.

ಇನ್ನೊಂದು, ಕೆಮಿಸ್ಟ್ರಿ! ಸೇರೋಕೆ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಸೈಕಾಲಜಿ, ಅನಾಟಮಿ, ಫಿಸಿಯಾಲಜಿ ಇವೆಲ್ಲಾ ಕಾಲೇಜ್ ಮಟ್ಟದಲ್ಲಿ ಓದಿರ್ಬೇಕು. ನಮ್ಮ ಬಿಪಿಟಿ ಮಾರ್ಕ್ಸ್ ಕಾರ್ಡಲ್ಲಿ ಅನಾಟಮಿ ಫಿಸಿಯಾಲಜಿ ಸೈಕಾಲಜಿ ಸಿಗತ್ತೆ, ಬಯೋಕೆಮಿಸ್ಟ್ರಿ ಸಿಗತ್ತೆ, ಬರೀ ಕೆಮಿಸ್ಟ್ರಿ ಅಂತ ಎಲ್ಲೂ ಇಲ್ಲ. ಪಿಯುಸಿಲಿ ಓದಿದೀನಲ್ಲ ಸ್ವಾಮಿ ಅಂದ್ರೆ ಅದು ಹೈಸ್ಕೂಲ್ ಲೆಕ್ಕ ಅಂತಾರೆ. ಕೊನೆಗೆ ಒಂದು ಕಮ್ಯುನಿಟಿ ಕಾಲೇಜಿನ ಆನ್‌ಲೈನ್ ಕೆಮಿಸ್ಟ್ರಿ, ಮೈಸೂರಿನ ಪಿಜಿ ರೂಮಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು, ಪೀರಿಯಾಡಿಕ್ ಟೇಬಲ್ ಮತ್ತೆ ಹೊಸದಾಗಿ ಓದಿದೆ. ಡ್ಯೂಟಿ ಮಾಡೋ ಫಿಸಿಯೋ ನಾನು, ಸೋಡಿಯಂ ಪಕ್ಕ ಏನು ಬರತ್ತೆ ಅಂತ ಬಾಯಿಪಾಠ ಮಾಡ್ತಿದ್ದೆ. ಬಹುಪಾಲು ಕಡೆಗೆ ಅರ್ಜಿ ಏಟಿಕ್ಯಾಸ್ ಅನ್ನೋ ಒಂದೇ ಪೋರ್ಟಲಲ್ಲಿ ಹೋಗತ್ತೆ, ಅದು ಸಲೀಸು. ಆದ್ರೆ ನೀವು ಹಾಕೋ ಯೂನಿವರ್ಸಿಟಿಗೆ ನೇರವಾಗಿ ಮೇಲ್ ಮಾಡಿ ನಿಮ್ಮ ಮಾರ್ಕ್ಸ್ ಕಾರ್ಡಲ್ಲಿ ಯಾವ ವಿಷ್ಯ ಒಪ್ಪತಾರೆ ಅಂತ ಲಿಖಿತವಾಗಿ ತಗೊಳ್ಳಿ, ಕನ್ಸಲ್ಟೆನ್ಸಿ ಮಾತು ಕೇಳ್ಬೇಡಿ.

ಈಗ ಓದಿನ ವಿಷ್ಯ. ಮೊದಲ ಬೇಸಿಗೆ ಸೆಮಿಸ್ಟರ್ ಅಂದ್ರೆ ನನ್ನ ಪ್ರಕಾರ ದಂಡ. ಅನಾಟಮಿ, ಮೂಳೆ ಮುಟ್ಟಿ ಗುರುತಿಸೋದು, ಗೋನಿಯೋಮೀಟರ್ ಹಿಡಿದು ಕೀಲಿನ ಕೋನ ಅಳೆಯೋದು, ಸ್ನಾಯು ಬಲಕ್ಕೆ 5ಕ್ಕೆ ಎಷ್ಟು ಅಂತ ಗ್ರೇಡ್ ಕೊಡೋದು. ಬಿಪಿಟಿ ಮೊದಲ ವರ್ಷದಲ್ಲೇ ಫಾರ್ಮಲಿನ್ ವಾಸನೇಲಿ ನಿಂತು ಹೆಣದ ಮುಂದೆ ಕಲಿತ ವಿಷ್ಯಾನ ಇಲ್ಲಿ ಪ್ಲಾಸ್ಟಿಕ್ ಗೊಂಬೆ ಮೇಲೆ ಮತ್ತೆ ಡಾಲರ್ ಕೊಟ್ಟು ಕಲೀಬೇಕು. ವಿನಾಯ್ತಿ ಕೇಳಿದೆ, ಕೊಡಲ್ಲ ಅಂದ್ರು, ಒಂದು ಕ್ರೆಡಿಟ್ಟೂ ಇಲ್ಲ. ಎರಡು ವರ್ಷದ ಟ್ಯೂಷನ್ನೇ ನನಗೆ ಹತ್ತಿರ ಹತ್ತಿರ 58 ಸಾವಿರ ಡಾಲರ್ ಆಯ್ತು, ಅದರಲ್ಲಿ ಈ ಬೇಸಿಗೆಯ ಪಾಲು ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆ ಉರಿಯತ್ತೆ. ನಮ್ಮ ಬ್ಯಾಚಲ್ಲಿ ಹನ್ನೊಂದು ಜನ, ಉಳಿದ ಹತ್ತು ಜನಕ್ಕೂ ನಾನೇ ಬ್ರೇಕಿಯಲ್ ಪ್ಲೆಕ್ಸಸ್ (ಕೈಗೆ ಹೋಗೋ ನರಗಳ ಜಾಲ) ಬಿಡಿಸಿ ಹೇಳ್ಕೊಟ್ಟೆ, ಅದೊಂದು ಹೆಮ್ಮೆ ಸಿಕ್ತು ಅಷ್ಟೆ.

ಆದ್ರೆ ಅದೇ ಬೇಸಿಗೇಲಿ ಟೇಪಿಂಗ್ ಲ್ಯಾಬ್ ಶುರು ಆಯ್ತು, ಅಲ್ಲಿ ಹೆಮ್ಮೆ ಎಲ್ಲಾ ಇಳೀತು. ಆಡುವಾಗ ಕಾಲು ಉಳುಕದಂಗೆ ಸುತ್ತೋ ಒಂದೂವರೆ ಇಂಚಿನ ಬಿಳಿ ಟೇಪು. ಅದನ್ನ ಕತ್ತರಿ ಇಲ್ದೆ ಬೆರಳಲ್ಲೇ ಹರೀಬೇಕು, ಮೊದಲ ವಾರ ಟೇಪು ಹರೀಲಿಲ್ಲ, ನನ್ನ ಉಗುರು ಹರೀತು. ಹಿಮ್ಮಡಿ ಕೆಳಗಿಂದ ಎಳೆದು ಎರಡೂ ಕಡೆ ಮೇಲಕ್ಕೆ ತರೋ ಸ್ಟಿರಪ್ಪು, ಹಿಮ್ಮಡಿಗೆ ಬೀಗ ಹಾಕೋ ಹೀಲ್ ಲಾಕು, ಎಂಟರ ಆಕಾರದ ಸುತ್ತು. ಒಂದು ಸುಕ್ಕು ಬಿದ್ರೆ ಎರಡು ಗಂಟೆ ಆಟದಲ್ಲಿ ಅಲ್ಲಿ ಬೊಬ್ಬೆ ಎದ್ದಿರತ್ತೆ. ಹೊಸಬರಿಗೆ ಒಂದು ಪಾದಕ್ಕೆ ಹತ್ತು ನಿಮಿಷ, ನಮ್ಮ ಮೇಷ್ಟ್ರಿಗೆ ಎರಡು ನಿಮಿಷನೂ ಬೇಡ, ಮಾತಾಡ್ತಾ ಮಾತಾಡ್ತಾ, ಹುಡುಗನ ಮುಖ ನೋಡ್ತಾ, ಕೈ ಕೆಳಗೆ ತನ್ನಷ್ಟಕ್ಕೇ ಓಡ್ತಿರತ್ತೆ. ನನಗೆ ಅಮ್ಮ ಮಲ್ಲಿಗೆ ಕಟ್ಟೋದು ನೆನಪಾಯ್ತು, ಕಣ್ಣು ಟಿವಿ ಮೇಲೆ, ಬೆರಳು ಬಾಳೆನಾರಿನ ಮೇಲೆ, ಮೊಳಕ್ಕೆ ಮೊಳ ಅಳತೆ ತಪ್ಪಲ್ಲ. ಆಗ ಒಂದು ಉಪಾಯ ಹೊಳೀತು, ನೋಡಿ ಮಾಡೋದು ಬಿಟ್ಟು ರಾತ್ರಿ ರೂಮಲ್ಲಿ ಸೀರಿಯಲ್ ಹಾಕ್ಕೊಂಡು ರೂಮ್‌ಮೇಟ್ ಪಾದಕ್ಕೆ ಸುತ್ತಿದೆ. ಮೂರು ವಾರಕ್ಕೆ ಕೈ ಕೂತ್ಕೊಳ್ತು. ರೂಮ್‌ಮೇಟ್ ಸಿವಿಲ್ ಇಂಜಿನಿಯರಿಂಗ್, ಗುಲ್ಬರ್ಗದವಳು, ಅವಳ ಕಾಲಿನ ಕೂದಲು ಎಲ್ಲಾ ಹೋಯ್ತು ಪಾಪ.

ಈ ಕೋರ್ಸಿನ ನಿಜವಾದ ಸರಕು ಕ್ಲಾಸ್‌ರೂಮಲ್ಲಿಲ್ಲ, ಪ್ರಿಸೆಪ್ಟರ್ ಹತ್ರ ಇದೆ. ಪ್ರಿಸೆಪ್ಟರ್ ಅಂದ್ರೆ ಕೆಲಸದಲ್ಲಿರೋ ಅಥ್ಲೆಟಿಕ್ ಟ್ರೇನರ್, ನಿಮ್ಮನ್ನ ಅವ್ರ ಜೊತೆ ತಿಂಗಳುಗಟ್ಟಲೆ ಬಿಡ್ತಾರೆ. ಹೈಸ್ಕೂಲು, ದೊಡ್ಡ ಕಾಲೇಜು, ಮೂಳೆ ಡಾಕ್ಟ್ರ ಕ್ಲಿನಿಕ್ಕು ಹೀಗೆ ಸುತ್ತಾಟ, ಇದಕ್ಕೆ ರೊಟೇಶನ್ ಅಂತಾರೆ. ಕೇಟ್ ನಿಯಮದ ಪ್ರಕಾರ ಆಟ ಆಡದೇ ಇರೋರ ಜೊತೆನೂ ಕೆಲಸ ಮಾಡಿರ್ಬೇಕು, ನನ್ನನ್ನ ಒಂದು ಗೋಡೌನಿಗೆ ಹಾಕಿದ್ರು, ಪೆಟ್ಟಿಗೆ ಎತ್ತೋರ ಸೊಂಟ ನೋಡ್ಕೊಳ್ಳೋಕೆ. ಜೊತೆಗೆ ಕಡಿಮೆ ಅಂದ್ರೆ ನಾಲ್ಕು ವಾರ ಬೇರೆ ಕ್ಲಾಸೇ ಇಲ್ದೆ ಪೂರ್ತಿ ಹೊತ್ತು ಒಂದೇ ಜಾಗದಲ್ಲಿ ಇರ್ಬೇಕು, ಬೆಳಿಗ್ಗೆ ಐದೂವರೆಗೆ ಐಸ್ ತುಂಬೋದ್ರಿಂದ ಹಿಡಿದು ರಾತ್ರಿ ಬೀಗ ಹಾಕೋವರೆಗೂ. ಒಳ್ಳೆ ಪ್ರಿಸೆಪ್ಟರ್ ಸಿಕ್ಕಿದ್ರೆ ಕೋರ್ಸ್ 5ಕ್ಕೆ 5, ಇಲ್ಲಾಂದ್ರೆ ನೀರಿನ ಬಾಟ್ಲಿ ತುಂಬೋ ಆಳು ನೀವು. ನನಗೆ ಇಬ್ರು ಅದ್ಭುತ ಸಿಕ್ಕಿದ್ರು, ಒಬ್ಬ ಬಾಟ್ಲಿ ಗಿರಾಕಿ ಸಿಕ್ಕಿದ. ಇದು ಪೂರ್ತಿ ಲಾಟರಿ, ಸೇರೋಕೆ ಮುಂಚೆ ತಿಳ್ಕೊಳ್ಳೋಕೆ ಇರೋ ದಾರಿ ಅಂದ್ರೆ ಎರಡನೇ ವರ್ಷದ ಸ್ಟೂಡೆಂಟ್ಸ್‌ಗೆ ಮೆಸೇಜ್ ಹಾಕಿ ಕೇಳೋದು, ಅವ್ರು ಒಳಗಿನ ಮಾತೆಲ್ಲಾ ಹೇಳ್ತಾರೆ.

ಹೇಳಲೇಬೇಕಾದ ಒಂದು ದಿನ ಇದೆ. 2023ರ ಆಗಸ್ಟು, ಹೈಸ್ಕೂಲ್ ಫುಟ್‌ಬಾಲ್ ಸೀಸನ್ ಶುರುವಾಗೋ ಮುಂಚಿನ ಪ್ರಾಕ್ಟೀಸು. ಇಲ್ಲಿ ಫುಟ್‌ಬಾಲ್ ಅಂದ್ರೆ ಹೆಲ್ಮೆಟ್ ಹಾಕ್ಕೊಂಡು ಗುದ್ದೋದು, ಗೊತ್ತಲ್ಲ. ಮಿಡ್‌ವೆಸ್ಟ್ ಬಿಸಿಲು ನಮ್ಮ ರಾಯಚೂರಿನಷ್ಟೇನಿಲ್ಲ, ಆದ್ರೆ ಜೋಳದ ಹೊಲದ ತೇವ ಗಾಳೀಲೇ ನಿಂತಿರತ್ತೆ, ಬೆವರು ಆರಲ್ಲ, ಮಂಗಳೂರಿನ ಮೇ ತಿಂಗಳು ಇದ್ದಂಗೆ. ಅದಕ್ಕೇ ಬರೀ ಟೆಂಪರೇಚರ್ ನೋಡಲ್ಲ, ತೇವ, ಗಾಳಿ, ಬಿಸಿಲು ಮೂರನ್ನೂ ಸೇರಿಸಿ ಅಳೆಯೋ ಕೈಲಿ ಹಿಡಿಯೋ ಮೀಟರ್ ಇರತ್ತೆ, ಅದರ ನಂಬರ್ ಮೇಲೆ ಎಷ್ಟು ಹೊತ್ತು ಆಡಿಸ್ಬೇಕು ಅಂತ ನಿರ್ಧಾರ. ಲೈನ್‌ಮನ್, ಅಂದ್ರೆ ಮುಂದಿನ ಸಾಲಲ್ಲಿ ಗುದ್ದೋ ಹುಡುಗ ಒಬ್ಬ, ನೂರಿಪ್ಪತ್ತು ಕೆಜಿ ಇರ್ಬೇಕು, ಓಡ್ತಾ ಓಡ್ತಾ ಪಕ್ಕಕ್ಕೆ ವಾಲಿದ, ಕೋಚ್ ಜೊತೆ ಜಗಳಕ್ಕೆ ನಿಂತ, ತನ್ನ ಹೆಸರು ಕೇಳಿದ್ರೆ ಏನೇನೋ ಹೇಳ್ದ. ನನ್ನ ಪ್ರಿಸೆಪ್ಟರ್ ಮೇಡಂ ಒಂದೇ ಮಾತು ಅಂದ್ರು, "ಟಬ್". ನೆರಳಲ್ಲಿ ದನಕ್ಕೆ ನೀರಿಡೋ ತೊಟ್ಟಿ ತರದ್ದು ದೊಡ್ಡ ಟಬ್ಬು ಪ್ರಾಕ್ಟೀಸ್ ಶುರುವಾಗೋ ಮುಂಚೇನೇ ನೀರು ತುಂಬಿ ಇಟ್ಟಿರ್ತೀವಿ, ಪಕ್ಕದಲ್ಲಿ ಐಸ್ ಪೆಟ್ಟಿಗೆ. ನಾಲ್ಕು ಜನ ಎತ್ತಿ ಕೂರಿಸಿದ್ವಿ, ಕಂಕುಳ ಕೆಳಗೆ ಬೆಡ್‌ಶೀಟ್ ಹಾಕಿ ಹಿಡ್ಕೊಂಡ್ವಿ, ತಲೆ ಮುಳುಗಬಾರದು ಅಂತ.

ಟೆಂಪರೇಚರ್ ತೆಗೆಯೋದು ಗುದದ್ವಾರದಲ್ಲಿ. ಹೌದು, ಅಲ್ಲೇ. ಬಾಯಿ, ಕಂಕುಳು, ಹಣೆ ಮೇಲಿನ ಗನ್ನು, ಯಾವುದೂ ಇಂಥ ಹೊತ್ತಲ್ಲಿ ನಿಜ ಹೇಳಲ್ಲ. ಕ್ಲಾಸಲ್ಲಿ ಇದನ್ನ ಕಲಿಸುವಾಗ ಎಲ್ಲರೂ ಕಿಸಕಿಸ ನಕ್ಕಿದ್ವಿ. ಅವತ್ತು ಸುತ್ತ ಟವಲ್ ಹಿಡಿದು ಮರೆ ಮಾಡಿ ಮೇಡಂ ಹಾಕಿದಾಗ 106.4 ಫ್ಯಾರನ್‌ಹೀಟ್ ತೋರಿಸ್ತು, ಯಾರೂ ನಗಲಿಲ್ಲ. 105 ದಾಟಿ ತಲೆ ಕೆಟ್ಟಂಗೆ ಆಡ್ತಿದ್ರೆ ಅದು ಹೀಟ್ ಸ್ಟ್ರೋಕು, ಬಿದ್ದ ಅರ್ಧ ಗಂಟೆ ಒಳಗೆ ಇಳಿಸಿದ್ರೆ ಜೀವ ಉಳಿಯತ್ತೆ. ನೀರು ಕಲಕ್ತಾ ಇರ್ಬೇಕು, ಇಲ್ಲಾಂದ್ರೆ ಮೈ ಸುತ್ತ ಇರೋ ನೀರು ಬಿಸಿಯಾಗಿ ಒಂದು ಪದರ ಕಟ್ಟತ್ತೆ. ನನ್ನ ಕೆಲಸ ಅದೇ, ಕಲಕೋದು, ಕೈ ಮರಗಟ್ಟಿ ಹೋಯ್ತು. ಆಂಬುಲೆನ್ಸ್ ಬಂತು, ಅವ್ರು ಕರ್ಕೊಂಡು ಹೋಗೋಕೆ ನೋಡಿದ್ರು, ಮೇಡಂ ಬಿಡಲಿಲ್ಲ. ಮೊದ್ಲು ತಣ್ಣಗೆ ಮಾಡು, ಆಮೇಲೆ ಸಾಗಿಸು, ಅದು ಈ ವೃತ್ತಿಯ ನಿಯಮ. ಹದಿಮೂರು ನಿಮಿಷಕ್ಕೆ 102ಕ್ಕೆ ಬಂತು, ಎತ್ತಿ ಹೊರಗೆ ಹಾಕಿದ್ವಿ. ಹುಡುಗ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು ನನ್ನ ಶೂ ಎಲ್ಲಿ ಅಂತ.

ಆ ನಿಯಮ ಸುಮ್ನೆ ಬಂದಿದ್ದಲ್ಲ. ಮಿನೆಸೋಟ ವೈಕಿಂಗ್ಸ್ ಫುಟ್‌ಬಾಲ್ ತಂಡದ ಕೋರಿ ಸ್ಟ್ರಿಂಗರ್ 2001ರ ಜುಲೈ 31ಕ್ಕೆ ಹೀಗೇ ಪ್ರಾಕ್ಟೀಸಲ್ಲಿ ಬಿಸಿಲಿಗೆ ಬಿದ್ದು ಮಾರನೇ ದಿನ ತೀರ್ಕೊಂಡ, ಅವನ ಹೆಸರಲ್ಲಿ ಕನೆಕ್ಟಿಕಟ್ ಯೂನಿವರ್ಸಿಟಿಯಲ್ಲಿ 2010ರಿಂದ ಒಂದು ಸಂಸ್ಥೆನೇ ಇದೆ, ನಾವು ಓದೋ ಹೀಟ್ ಸ್ಟ್ರೋಕ್ ಪಾಠದಲ್ಲಿ ಬಹಳಷ್ಟು ಅವ್ರ ಕೆಲಸ. ಅಷ್ಟಾದ್ರೂ 2018ರಲ್ಲಿ ಮೇರಿಲ್ಯಾಂಡ್ ಯೂನಿವರ್ಸಿಟಿಯ ಜೋರ್ಡನ್ ಮೆಕ್‌ನೇರ್ ಅನ್ನೋ 19 ವರ್ಷದ ಹುಡುಗ ಹೋದ, ಅವನನ್ನ ಐಸ್ ನೀರಲ್ಲಿ ಕೂರಿಸಿರಲಿಲ್ಲ. ಈ ಕೇಸ್ ಕ್ಲಾಸಲ್ಲಿ ಓದುವಾಗ ನನಗೆ ನಮ್ಮೂರ ತಾಲ್ಲೂಕು ಕ್ರೀಡಾಕೂಟ ನೆನಪಾಗ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ 1500 ಮೀಟರ್ ಓಟ, ಬಿದ್ದ ಹುಡುಗಿಯ ಸುತ್ತ ಗಾಳಿ ಆಡದಂಗೆ ಜನ, ಮುಖಕ್ಕೆ ಒಂದು ಚೊಂಬು ನೀರು, ಮೂಗಿಗೆ ಈರುಳ್ಳಿ, ಯಾರೋ ಒಬ್ರು ಕೈಗೆ ಬೀಗದ ಕೀ ಕೊಡಿ ಅಂತ ಕೂಗೋದು. ಕಾಲು ಉಳುಕಿದ್ರೆ ಎಳೆದು ಲಟಕ್ ಅನ್ನಿಸೋ ಪಿಟಿ ಮೇಷ್ಟ್ರು, ಇನ್ನೂ ನೋವಿದ್ರೆ ಪುತ್ತೂರು ಕಟ್ಟು. ನಾನೂ ಆ ಎಳೆತ ತಿಂದವಳೇ, ಖೋಖೋ ಆಡ್ತಿದ್ದೆ, ನನ್ನ ಎಡಗಾಲಿನ ಹಿಮ್ಮಡಿ ಗಂಟು ಇವತ್ತಿಗೂ ಸಡಿಲ. ಮೂಳೆಯ ಎಲ್ಲೆಲ್ಲಿ ಒತ್ತಿದ್ರೆ ನೋಯತ್ತೆ, ನಾಲ್ಕು ಹೆಜ್ಜೆ ನಡೆಯೋಕೆ ಆಗತ್ತಾ, ಇಷ್ಟು ನೋಡಿ ಎಕ್ಸ್‌ರೇ ಬೇಕಾ ಬೇಡ್ವಾ ಅಂತ ಹೇಳೋ ಒಟ್ಟಾವ ನಿಯಮ ಅಂತ ಒಂದಿದೆ, ಎರಡು ನಿಮಿಷದ ಕೆಲಸ, ಪ್ರತಿ ಪಿಟಿ ಮೇಷ್ಟ್ರಿಗೂ ಒಂದು ಮಧ್ಯಾಹ್ನದಲ್ಲಿ ಕಲಿಸ್ಬಹುದು.

ಬಿಪಿಟಿ ಓದಿದೋರಿಗೆ ಈ ಕೋರ್ಸಲ್ಲಿ ಹೊಸದು ಏನು ಅಂತ ಕೇಳಿದ್ರೆ ಇದೇ, ಮೊದಲ ಹತ್ತು ನಿಮಿಷ. ನಾವು ಕಲಿತದ್ದೆಲ್ಲ ಮೂರು ವಾರ ಆದ್ಮೇಲೆ ಕ್ಲಿನಿಕ್ಕಿಗೆ ಕುಂಟ್ಕೊಂಡು ಬಂದವರದ್ದು. ಇಲ್ಲಿ ಹೆಲ್ಮೆಟ್ಟಿನ ಮುಖದ ಕಂಬಿ ಬಿಚ್ಚೋದು, ಕುತ್ತಿಗೆ ಅಲುಗಿಸದೆ ಬೋರ್ಡಿಗೆ ಹಾಕೋದು, ಆಕ್ಸಿಜನ್, ಅಲರ್ಜಿಗೆ ಎಪಿಪೆನ್ ಇಂಜೆಕ್ಷನ್ನು, ತಲೆಗೆ ಪೆಟ್ಟು ಬಿದ್ದೋನ ಹತ್ರ ತಿಂಗಳ ಹೆಸರು ಹಿಂದಿನಿಂದ ಹೇಳಿಸೋದು, ಅವನು ಚೆನ್ನಾಗಿದೀನಿ ಅಂತ ಅತ್ರೂ ಗೋಗರೆದ್ರೂ ಅವತ್ತು ಮತ್ತೆ ಆಡೋಕೆ ಬಿಡದೇ ಇರೋದು. ಕೊನೇದಕ್ಕೆ ಇಲ್ಲಿ ಕಾನೂನೇ ಇದೆ, ವಾಷಿಂಗ್ಟನ್ ರಾಜ್ಯ 2009ರಲ್ಲಿ ಮೊದ್ಲು ತಂತು, ಐದಾರು ವರ್ಷದಲ್ಲಿ ಎಲ್ಲಾ ರಾಜ್ಯಕ್ಕೂ ಹಬ್ಬಿತು. ಕೋಚ್ ಜೊತೆ ಇದೇ ವಿಷ್ಯಕ್ಕೆ ಜಗಳ ಆಗತ್ತೆ, ಜಗಳ ಆಡೋದು ಹೇಗೆ ಅಂತಾನೂ ಕಲಿಸ್ತಾರೆ, ತಮಾಷೆ ಅಲ್ಲ, ಪಾತ್ರ ಮಾಡಿಸಿ ಪ್ರಾಕ್ಟೀಸ್ ಮಾಡಿಸ್ತಾರೆ. ಐದಡಿ ಎತ್ತರದ ಹಾಸನದ ಹುಡುಗಿ ಆರಡಿ ಕೋಚಿಗೆ "ನೋ ಸರ್" ಅನ್ನೋದು ನನಗೆ ಹೀಲ್ ಲಾಕಿಗಿಂತ ಕಷ್ಟ ಆಯ್ತು.

2023ರ ಜನವರಿ 2ರ ರಾತ್ರಿ ಬಫಲೋ ಬಿಲ್ಸ್ ಫುಟ್‌ಬಾಲ್ ತಂಡದ ಆಟಗಾರ ಡಮಾರ್ ಹ್ಯಾಮ್ಲಿನ್ ಸಿನ್ಸಿನಾಟಿ ಮೈದಾನದಲ್ಲಿ ಎದೆಗೆ ಪೆಟ್ಟು ಬಿದ್ದು, ಎದ್ದು ನಿಂತು, ಮತ್ತೆ ಕುಸಿದ. ನಾನು ರೂಮಲ್ಲಿ ಅನ್ನ ಸಾರು ತಿಂತಾ ಲೈವ್ ನೋಡ್ತಿದ್ದೆ, ತುತ್ತು ಕೈಲೇ ಉಳೀತು. ಓಡಿಹೋಗಿ ಸಿಪಿಆರ್ ಮಾಡಿದ್ದು ತಂಡದ ಸಹಾಯಕ ಅಥ್ಲೆಟಿಕ್ ಟ್ರೇನರ್ ಡೆನ್ನಿ ಕೆಲ್ಲಿಂಗ್ಟನ್. ಹ್ಯಾಮ್ಲಿನ್ ಬದುಕಿದ, ವಾಪಸ್ ಆಡಿದ. ಆ ಸೆಮಿಸ್ಟರಿನ ಮೊದಲ ಕ್ಲಾಸಲ್ಲಿ ಮೇಷ್ಟ್ರು ಪಾಠನೇ ಮಾಡಲಿಲ್ಲ, ಹನ್ನೊಂದು ಜನಕ್ಕೂ ಗೊಂಬೆ ಎದೆ ಒತ್ತಿಸಿದ್ರು, ಸುಸ್ತಾಗೋವರೆಗೂ. ಅಪ್ಪನಿಗೆ ಆ ವಿಡಿಯೋ ಕಳಿಸ್ದೆ, ಅವತ್ತೇ ಮೊದಲ ಸಲ "ಓ ಇದಾ ನಿನ್ನ ಕೆಲ್ಸ" ಅಂದ್ರು.

ಕುಸ್ತಿ ಟೀಮಿನ ರೊಟೇಶನ್ ಬಗ್ಗೆ ಒಂದು ಮಾತು ಹೇಳದಿದ್ರೆ ಮೈಸೂರಿಗೆ ಅವಮಾನ. ಇಲ್ಲಿ ಪ್ರತಿ ಪಂದ್ಯಕ್ಕೂ ಮುಂಚೆ ಚರ್ಮ ನೋಡ್ತಾರೆ, ಹುಳಕಡ್ಡಿ, ಕುರು, ಹರ್ಪಿಸ್ ಏನಾದ್ರೂ ಕಂಡ್ರೆ ಆಡೋ ಹಂಗಿಲ್ಲ, ಮ್ಯಾಟನ್ನ ದಿನಾ ಔಷಧಿ ನೀರಲ್ಲಿ ಒರೆಸ್ತಾರೆ. ಮೈಸೂರಲ್ಲಿ ನಾನು ಗರಡಿ ಮನೆಗೆ ಫ್ರೀ ಕ್ಯಾಂಪಿಗೆ ಹೋಗಿದ್ದೆ, ಅಲ್ಲಿ ಕೆಂಪು ಮಟ್ಟಿಗೆ ಅರಿಶಿನ ಎಣ್ಣೆ ಎಲ್ಲಾ ಹಾಕಿ ಹದ ಮಾಡಿರ್ತಾರೆ, ಪೈಲ್ವಾನ್ರು ಮಣ್ಣೇ ಔಷಧಿ ಅಂತಿದ್ರು. ಅದನ್ನ ಇಲ್ಲಿ ಪ್ರಿಸೆಪ್ಟರಿಗೆ ಹೇಳಿದೆ, ಅವ್ರು ನೋಟ್‌ಬುಕ್ ತೆಗೆದು ಬರ್ಕೊಂಡ್ರು! ಪೈಲ್ವಾನ್ರ ಕಿವಿ ಮಾತ್ರ ಎರಡೂ ದೇಶದಲ್ಲಿ ಒಂದೇ, ಪೆಟ್ಟು ತಿಂದು ಊದಿದ ಹೂಕೋಸು.

ಕಷ್ಟಗಳು ಅಂದ್ರೆ ಮೊದಲನೇದು ಕಾರು. ರೊಟೇಶನ್ ಜಾಗ ಕ್ಯಾಂಪಸ್ಸಿಂದ ನಲವತ್ತು ಕಿಲೋಮೀಟರ್ ದೂರ ಇರತ್ತೆ, ಬಸ್ ಅನ್ನೋದೇ ಇಲ್ಲ, ಸೇರೋವಾಗ ಯಾರೂ ಇದನ್ನ ಒತ್ತಿ ಹೇಳಲ್ಲ. ಹಳೇ ಕಾರು, ಇನ್ಶೂರೆನ್ಸು, ಹಿಮದಲ್ಲಿ ಓಡಿಸೋ ಭಯ ಎಲ್ಲಾ ಸೇರಿಸಿ ಲೆಕ್ಕ ಹಾಕಿ. ಎರಡನೇದು, ಈ ಗಂಟೆಗಳಿಗೆ ಸಂಬಳ ಇಲ್ಲ, ಸ್ಟೂಡೆಂಟ್ ವೀಸಾದಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ ಇಪ್ಪತ್ತು ಗಂಟೆ ದುಡೀಬಹುದು ಅಂತ ಕಾನೂನಿದ್ರೂ ದುಡಿಯೋಕೆ ಸಮಯ ಎಲ್ಲಿದೆ. ಊಟದ್ದು ಬಿಡಿ, ಟೀಮ್ ಬಸ್ಸು ನಿಲ್ಲಿಸೋ ಕಡೆ ಸಸ್ಯಾಹಾರಿಗೆ ಫ್ರೆಂಚ್ ಫ್ರೈಸೇ ಗತಿ, ನಾನು ಚಿತ್ರಾನ್ನದ ಡಬ್ಬಿ ಒಯ್ತಿದ್ದೆ, ಸೀಸನ್ ಮುಗಿಯೋ ಹೊತ್ತಿಗೆ ಅರ್ಧ ವಾಲಿಬಾಲ್ ಟೀಮು "ಯೆಲ್ಲೋ ರೈಸ್" ಅಂತ ಸಾಲು ನಿಲ್ತಿತ್ತು.

ಕೊನೆಯ ಪರೀಕ್ಷೆ 175 ಪ್ರಶ್ನೆ, ನಾಲ್ಕು ಗಂಟೆ, 200ರಿಂದ 800ರ ಅಳತೆಯಲ್ಲಿ 500 ಬಂದ್ರೆ ಪಾಸು. ಅಷ್ಟು ಭಯಂಕರ ಅಲ್ಲ, ಆದ್ರೆ ನಮ್ಮ ಬಿಪಿಟಿ ಪರೀಕ್ಷೆ ತರ ಹತ್ತು ಅಂಕದ ಪ್ರಬಂಧ ಅಲ್ಲ, ಹುಡುಗ ಬಿದ್ದಿದಾನೆ ನೀನು ಮೊದ್ಲು ಏನು ಮಾಡ್ತೀಯ ಅನ್ನೋ ಪ್ರಶ್ನೆಗಳು, ನಾಲ್ಕು ಉತ್ತರಾನೂ ಸರಿ ಅನ್ಸತ್ತೆ, "ಮೊದ್ಲು" ಅನ್ನೋ ಪದದಲ್ಲೇ ಗುಟ್ಟು. ಒಂದೇ ಸಲಕ್ಕೆ ಆಯ್ತು ನನಗೆ. ಯೂನಿವರ್ಸಿಟಿ ಆರಿಸುವಾಗ ಇದನ್ನ ನೋಡಿ: ಮೊದಲ ಪ್ರಯತ್ನದಲ್ಲಿ ಎಷ್ಟು ಜನ ಪಾಸಾದ್ರು ಅಂತ ಪ್ರತಿ ಕೋರ್ಸೂ ತನ್ನ ವೆಬ್‌ಸೈಟಲ್ಲಿ ಹಾಕಲೇಬೇಕು, ಮೂರು ವರ್ಷದ ಒಟ್ಟು ಲೆಕ್ಕ ನೂರಕ್ಕೆ 70 ಇರ್ಬೇಕು ಅಂತ ಕೇಟ್ ನಿಯಮ. ಮೂರು ಕ್ಲಿಕ್ಕಿನ ಕೆಲಸ, ನಮ್ಮ ಟೈ ಹುಡುಗ ಒಂದು ಸಲಾನೂ ತೋರಿಸಿರಲಿಲ್ಲ. ಪಾಸಾದ್ಮೇಲೂ ಎರಡು ವರ್ಷಕ್ಕೊಮ್ಮೆ 50 ಗಂಟೆ ಲೆಕ್ಕದ ಕಲಿಕೆ ತೋರಿಸ್ತಾ ಇರ್ಬೇಕು.

ಕೆಲಸ ಸಿಗತ್ತಾ? ಸಿಗತ್ತೆ, ಹೈಸ್ಕೂಲುಗಳು ಜನ ಸಾಕಾಗದೆ ಒದ್ದಾಡ್ತಿವೆ. ಸಂಬಳ ದೇಶದ ಮಟ್ಟದಲ್ಲಿ ವರ್ಷಕ್ಕೆ 60 ಸಾವಿರ ಡಾಲರ್ ಆಸುಪಾಸು, ಹೊಸಬರಿಗೆ ಇನ್ನೂ ಕಮ್ಮಿ, ಕೇಳೋಕೆ ಚೆಂದ, ಸಾಲದ ಕಂತು ಕಳೆದ್ರೆ ಅಷ್ಟು ಚೆಂದ ಇಲ್ಲ. ಸಂಜೆ ಮತ್ತೆ ಶನಿವಾರ ನಿಮ್ಮದಲ್ಲ. ನಿಜವಾದ ಗೋಡೆ ವೀಸಾ. ನಾನು ಒಪಿಟಿ ವರ್ಷ ಒಂದು ಆಸ್ಪತ್ರೆ ಪೇರೋಲಲ್ಲಿ ಹೈಸ್ಕೂಲಿಗೆ ಹೋಗ್ತಿದ್ದೆ, ಅವ್ರು ಎಚ್-1ಬಿ (ಕೆಲಸದ ವೀಸಾ) ಲಾಟರಿ ತಲೆನೋವು ಬೇಡ ಅಂದ್ರು. ಕಾಲೇಜು ಯೂನಿವರ್ಸಿಟಿಗಳು ಆ ಲಾಟರಿ ಮಿತಿ ಒಳಗೆ ಬರಲ್ಲ, ಹಾಗಾಗಿ ಒಪಿಟಿ ಮುಗಿಯೋ ಎಂಟು ತಿಂಗಳ ಮುಂಚಿಂದಾನೇ ಕಾಲೇಜುಗಳಿಗೆ ಮಾತ್ರ ಅರ್ಜಿ ಹಾಕ್ತಾ ಕೂತೆ, ಈಗ ಒಂದು ಸಣ್ಣ ಕಾಲೇಜಲ್ಲಿದೀನಿ. ಇದೇ ಬಿಪಿಟಿ ಇಟ್ಕೊಂಡು ಎಫ್‌ಸಿಸಿಪಿಟಿ ಅನ್ನೋ ಸಂಸ್ಥೆಯಿಂದ ಸರ್ಟಿಫಿಕೇಟ್ ಮೌಲ್ಯಮಾಪನ ಮಾಡಿಸಿ ಎನ್‌ಪಿಟಿಇ ಅನ್ನೋ ಲೈಸೆನ್ಸ್ ಪರೀಕ್ಷೆ ಬರೆದು ಫಿಸಿಕಲ್ ಥೆರಪಿಸ್ಟ್ ಆದ ನನ್ನ ಕ್ಲಾಸ್‌ಮೇಟ್ಸ್ ಇದಾರೆ, ನನಗಿಂತ ಜಾಸ್ತಿ ಸಂಬಳ, ಎಂಟರಿಂದ ಐದು ಡ್ಯೂಟಿ. ದುಡ್ಡೇ ಮುಖ್ಯ ಆದ್ರೆ ಆ ದಾರಿ ಹಿಡೀರಿ, ಮುಚ್ಚುಮರೆ ಇಲ್ದೆ ಹೇಳ್ತಿದೀನಿ. ಆದ್ರೆ ಅವ್ರು ಫೋನ್ ಮಾಡಿದಾಗ ಮತ್ತೆ ಮಂಡಿ, ಮತ್ತೆ ಸೊಂಟ, ಟೈಮರ್ ಇಪ್ಪತ್ತು ನಿಮಿಷ ಅಂತಾರೆ, ನನಗೆ ಆ ಟೈಮರ್ ಸದ್ದು ಕೇಳಿದ್ರೇ ನಿದ್ದೆ ಬರತ್ತೆ.

ಚಿಕ್ಕಪ್ಪನ ಮಗ ಈಗ ಸೆಕೆಂಡ್ ಪಿಯು, ಹೋದ ವಾರ ವಿಡಿಯೋ ಕಾಲಲ್ಲಿ ಕೇಳ್ತಿದ್ದ, "ಅಕ್ಕ ನಾನೂ ಅಲ್ಲಿಗೇ ಬರ್ಲಾ, ಆಮೇಲೆ ಐಪಿಎಲ್ ಟೀಮಲ್ಲಿ ಕೆಲ್ಸ ಸಿಗತ್ತಲ್ಲ" ಅಂತ. ಇಲ್ಲ ಕಣೋ, ನಮ್ಮಲ್ಲಿ ಆ ಹೆಸರಿನ ಹುದ್ದೆನೇ ಇಲ್ಲ, ಟೀಮುಗಳು ತಗೊಳ್ಳೋದು ಫಿಸಿಯೋನ ಇಲ್ಲಾ ಸ್ಟ್ರೆಂತ್ ಕೋಚನ್ನ, ಅಲ್ಲಿ ಬಿಪಿಟಿ ಎಂಪಿಟಿಗೇ ಬೆಲೆ, ಅದಕ್ಕೆ ಇಷ್ಟು ದೂರ ಬರೋದೇ ಬೇಡ, ಬಳ್ಳಾರಿ ಕಡೆ ವಿಜಯನಗರದಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಅಂತಿದೆ, ಬೆಂಗಳೂರಲ್ಲಿ ಸಾಯಿ (ಭಾರತೀಯ ಕ್ರೀಡಾ ಪ್ರಾಧಿಕಾರ) ಸೆಂಟರ್ ಇದೆ, ಮೊದ್ಲು ಅಲ್ಲಿ ಆಟಗಾರರ ಜೊತೆ ಕೆಲಸ ಹೇಗಿರತ್ತೆ ಅಂತ ಕಣ್ಣಾರೆ ನೋಡು ಅಂದೆ. ಅವನ ಮುಖ ಸಣ್ಣಗಾಯ್ತು. ಆಮೇಲೂ ಬರೋದೇ ಆದ್ರೆ ಡಿಗ್ರಿಲೇ ಒಂದು ಪೇಪರ್ ಕೆಮಿಸ್ಟ್ರಿ ಇರೋ ತರ ನೋಡ್ಕೋ ಅಂದೆ. "ಕೆಮಿಸ್ಟ್ರಿನಾ? ಅದನ್ನ ತಪ್ಪಿಸ್ಕೊಳ್ಳೋಕೇ ಅಲ್ವೇನಕ್ಕ ಈ ಲೈನ್ ಕೇಳ್ತಿರೋದು" ಅಂತ ಫೋನ್ ಅವರಮ್ಮನ ಕೈಗೆ ಕೊಟ್ಟು ಎದ್ದು ಹೋದ.